ಹಿಂದಿನ ಗಾಜಿನ ಮೇಲೆ ಎರಡು ಸಾಲು

ಇನ್ನೂ ಬೆಳಕು ಹರಿದಿಲ್ಲ. ಡಿಪೋದ ತೊಳೆಯುವ ಕಟ್ಟೆಯ ಮೇಲೆ ಮೊದಲ ಟ್ರಿಪ್ಪಿನ ಬಸ್ಸು ಮೈತುಂಬ ಸೋಪಿನ ನೊರೆ ಮೆತ್ತಿಕೊಂಡು, ತಲೆಗೆ ನೀರು ಬೀಳುವುದನ್ನೇ ಕಾಯುತ್ತ ಕಣ್ಣು ಮುಚ್ಚಿ ಕೂತ ಮಗುವಿನ ಹಾಗೆ ನಿಂತಿದೆ. ಮೊಣಕಾಲುದ್ದದ ರಬ್ಬರ್ ಬೂಟು, ಸೊಂಟಕ್ಕೆ ಬಿಗಿದ ಪ್ಲಾಸ್ಟಿಕ್ ಹಾಳೆ, ಕೈಯಲ್ಲಿ ಪೈಪು. ತಗಡಿನ ಮೇಲೆ ನೀರು ಛಟಛಟ ಸಿಡಿಯುತ್ತಿರುವಾಗಲೇ ಬಸ್ಸು ತೊಳೆಯುವಾಕೆ ದನಿ ಎತ್ತರಿಸಿ ಕೂಗುತ್ತಾರೆ.

“ಏನ್ ಡ್ರೈವರಣ್ಣ, ನಿಮ್ಮ ದೊರೆಗಳು ಮನೆ ಸೇರಿದ್ರಾ, ಇಲ್ಲ ಇವತ್ತೂ ದಾರಿಲೇನಾ?”

ಎಂಜಿನ್ ಚಾಲು ಮಾಡಿ ಸೀಟಿನಲ್ಲಿ ಕೂತ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ. “ನಿಮ್ಮ ಮೇಷ್ಟ್ರು ಬಾಗಿಲಲ್ಲಿ ನಿಂತೂ ನಿಂತೂ ಕಾಲು ಬಾತಿರ್ಬೇಕು ಪೈಪಕ್ಕ. ಮೊದಲು ಅವರಿಗೊಂದು ಸ್ಟೂಲ್ ಹಾಕಿ!”

ಹೊಸಬರು ಇದನ್ನು ಕೇಳಿದರೆ ಯಾರೋ ನೆಂಟರ ವಿಚಾರ ಎಂದುಕೊಂಡಾರು. ಅಲ್ಲ. ಇದು ಹಾಡು ಬರೆಯುವವರ ವಿಚಾರ. ಸಿನಿಮಾ ಹಾಡು ಬರೆಯುವವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಎಂಬ ಒಂದೇ ಪ್ರಶ್ನೆ ಈ ಡಿಪೋದಲ್ಲಿ ವರ್ಷಗಳಿಂದ ದಿನಾ ಬೆಳಿಗ್ಗೆ ಎದ್ದು ಕೂರುತ್ತದೆ. ಒಬ್ಬ ಕವಿಯ ಪ್ರತಿ ಹಾಡಿನಲ್ಲೂ ಯಾರಾದರೂ ಬಾಗಿಲಲ್ಲಿ ನಿಂತು ಕಾಯುತ್ತಿರುತ್ತಾರೆ. ಅವರಿಗೆ ಇಲ್ಲಿ ‘ಬಾಗಿಲ ಮೇಷ್ಟ್ರು’ ಎಂದು ಹೆಸರು. ಇನ್ನೊಬ್ಬರ ಹಾಡಿನಲ್ಲಿ ಯಾರಾದರೂ ಎಲ್ಲಿಗಾದರೂ ಹೊರಟೇ ಇರುತ್ತಾರೆ. ಅವರು ‘ದಾರಿ ದೊರೆ’. ಇಬ್ಬರಿಗೂ ಇದು ಗೊತ್ತಿಲ್ಲ. ಗೊತ್ತಾದರೆ ನಕ್ಕಾರೋ, ಮುನಿಸಿಕೊಂಡಾರೋ, ಹೇಳಲಾಗದು.

ಬಾಗಿಲ ಪಕ್ಷದ ನಾಯಕಿ ಪೈಪಕ್ಕ. ಬಸ್ಸು ತೊಳೆಯುವ ಕೆಲಸಕ್ಕೆ ಬಂದ ಮೊದಲ ವಾರ ನೀರಿನ ರಭಸಕ್ಕೆ ಪೈಪು ಕೈ ತಪ್ಪಿ, ಹಾವಿನ ಹಾಗೆ ನುಲಿದಾಡಿ ಡಿಪೋ ಮ್ಯಾನೇಜರ್ ಮೇಡಂ ಅವರನ್ನೇ ತಲೆಯಿಂದ ಕಾಲಿನವರೆಗೆ ತೊಯ್ಯಿಸಿತ್ತಂತೆ. ಅಂದು ಅಂಟಿದ ಹೆಸರು ಮತ್ತೆ ಬಿಟ್ಟಿಲ್ಲ. “ನಮ್ಮ ಮನೆಯವರೂ ಒಂದೊಂದ್ಸಲ ಹಾಗೇ ಕರೀತಾರೆ. ಕರೆದ್ರೆ ಸಾರಿಗೆ ಉಪ್ಪು ಕಮ್ಮಿ ಬೀಳತ್ತೆ” ಎಂದು ನಗುತ್ತಾರೆ.

ಒಂದು ಪಾಳಿಗೆ ಇಪ್ಪತ್ತು ಚಿಲ್ಲರೆ ಬಸ್ಸು. ಜೊತೆಗೆ ಇನ್ನಿಬ್ಬರು ಇದ್ದಾರೆ, ಅವರದು ಒಳಗಿನ ಕಸ ಗುಡಿಸಿ ಸೀಟು ಒರೆಸುವ ಕೆಲಸ. ಹೊರಮೈ ಪೂರ್ತಿ ಪೈಪಕ್ಕನ ಪಾಲು. ಮೊದಲು ಮುಂಭಾಗ, ಆಮೇಲೆ ಎರಡು ಪಕ್ಕ, ಕೊನೆಗೆ ಹಿಂಭಾಗ. ಹಿಂಭಾಗವೇ ಕಷ್ಟ. ದಾರಿಯ ಧೂಳೆಲ್ಲ ಸುಳಿದು ಬಂದು ಹಿಂದಿನ ಗಾಜಿಗೇ ಕೂರುತ್ತದೆ, ಅದರ ಮೇಲೆ ಹೊಗೆಯ ಜಿಡ್ಡು. ಉದ್ದ ಕೋಲಿನ ಬ್ರಷ್ಷು ಹಿಡಿದು ತೋಳೆತ್ತಿ ಉಜ್ಜಿದರೆ ನೀರು ಮೊಣಕೈಯಿಂದ ಕಂಕುಳಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಬೆರಳುಗಳು ಸೆಟೆದು, ಮನೆಗೆ ಹೋದ ಮೇಲೂ ಬಹಳ ಹೊತ್ತು ಲೋಟ ಹಿಡಿಯಲು ಬರುವುದಿಲ್ಲ. ಬಲಭುಜ ಎಡಕ್ಕಿಂತ ಒಂದಿಷ್ಟು ಮೇಲೆ ನಿಂತುಬಿಟ್ಟಿದೆ. “ದರ್ಜಿ ಕೇಳ್ತಾನೆ, ಅಕ್ಕ ಯಾವ ಭುಜದ ಅಳತೆ ಹಿಡೀಲಿ ಅಂತ.”

ಹಾಗಾದರೆ ಹಾಡು ಎಲ್ಲಿಂದ ಬಂತು? ಮನೆಯಿಂದ. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಮಂಚದ ಮೇಲೆ ಸೊಂಟದ ನೋವಿನ ಅತ್ತೆ, ಅತ್ತೆಯ ದಿಂಬಿನ ಪಕ್ಕ ರೇಡಿಯೋ. ಬಡಗಿ ಕೆಲಸದ ಗಂಡನಿಗೆ ಹಾಡೆಂದರೆ ತಲೆನೋವು. ಗರಗಸದ ಸದ್ದೇ ವಾಸಿ ಎನ್ನುವ ಮನುಷ್ಯ. ಹಾಗಾಗಿ ಅತ್ತೆ ಸೊಸೆ ಇಬ್ಬರೇ ಕೇಳುತ್ತಾರೆ, ಇಬ್ಬರೇ ಕಚ್ಚಾಡುತ್ತಾರೆ. ಅತ್ತೆ ಕಟ್ಟಾ ದಾರಿ ಪಕ್ಷ. “ಮಂಚ ಬಿಟ್ಟು ಏಳಕ್ಕಾಗ್ದಿರೋಳು ನಾನು. ನನಗೆ ಬಾಗಿಲು ತೋರಿಸೋನು ಬೇಕಾ, ಊರು ತೋರಿಸೋನು ಬೇಕಾ?” ಎಂದು ಅತ್ತೆ ಕೇಳಿದರೆ ಸೊಸೆ ತರಕಾರಿ ಹೆಚ್ಚುವ ನೆಪ ಹೇಳಿ ಒಳಗೆ ಹೋಗುತ್ತಾರೆ.

ಡಿಪೋದ ವಾದಕ್ಕೆ ಒಂದು ಕಟ್ಟಳೆ ಇದೆ. ಬೆಳಿಗ್ಗೆ ಬಸ್ಸನ್ನು ಚಾಲು ಮಾಡಿದ ಕೂಡಲೇ ಓಡಿಸುವ ಹಾಗಿಲ್ಲ. ಬ್ರೇಕಿಗೆ ಗಾಳಿ ತುಂಬಬೇಕು. ಡ್ರೈವರ್ ಎದುರಿನ ಗಾಳಿ ಮೀಟರಿನ ಮುಳ್ಳು ಕೆಂಪು ಗೆರೆ ದಾಟುವವರೆಗೆ ಎಂಜಿನ್ ಗುರುಗುಡುತ್ತ ನಿಂತಿರಬೇಕು. ಒಂದು ಹಾಡು ಮುಗಿಯುವಷ್ಟು ಹೊತ್ತು. ವಾದ ನಡೆಯುವುದು ಅಷ್ಟರೊಳಗೆ. ಹಾಡುವಂತಿಲ್ಲ, ರಾಗ ಕಳಚಿಟ್ಟು ಬರೀ ಮಾತಿನಲ್ಲಿ ಸಾಲು ಹೇಳಬೇಕು, ಅದೂ ಎಂಜಿನ್ನಿನ ಸದ್ದಿನ ಮೇಲೆ. ಮುಳ್ಳು ಗೆರೆ ದಾಟಿದರೆ ಡ್ರೈವರ್ ಹಾರ್ನ್ ಒತ್ತುತ್ತಾರೆ. ಹಾರ್ನ್ ಆಯಿತೆಂದರೆ ಆಯಿತು, ಆಗ ಯಾರ ಬಾಯಲ್ಲಿ ಉತ್ತರ ಇಲ್ಲವೋ ಅವರು ಸೋತಂತೆ.

“ರಾಗ ಇದ್ರೆ ಯಾವ ಮಾತು ಬೇಕಾದ್ರೂ ದಾಟಿಬಿಡತ್ತೆ” ಎನ್ನುತ್ತಾರೆ ಪೈಪಕ್ಕ. “ರಾಗ ತೆಗೆದು, ಈ ಹಾಳು ಎಂಜಿನ್ ಮುಂದೆ ನಿಲ್ಲಿಸಿ ನೋಡಿ. ಆಗ್ಲೂ ಎದೆಗೆ ತಾಗಿದ್ರೆ ಅದು ಸಾಲು.”

ಇಷ್ಟು ದಿನ ಇದು ಡಿಪೋದ ಗೋಡೆಯೊಳಗಿನ ತಮಾಷೆಯಾಗಿತ್ತು. ಕಳೆದ ತಿಂಗಳು ಗೋಡೆ ಹಾರಿಬಿಟ್ಟಿತು.

ಆ ಬೆಳಿಗ್ಗೆ ಡ್ರೈವರ್ ಹೊಸ ಬಾಣ ಬಿಟ್ಟಿದ್ದರು. “ನಿಮ್ಮ ಮೇಷ್ಟ್ರ ಹಾಡಲ್ಲಿ ಎಲ್ಲ ನೀಟು. ಹೊಸ್ತಿಲು ನೀಟು, ಸೆರಗು ನೀಟು. ಧೂಳಿನ ಮೇಲೆ ಒಂದು ಪ್ರೀತಿ ಹಾಡು ಇದ್ಯಾ? ಒಂದೇ ಒಂದು ಹೇಳಿ, ಸೋತೆ ಅಂತೀನಿ.” ಪೈಪಕ್ಕ ತಡಕಾಡಿದರು. ಇರಲಿಲ್ಲ. ಮುಳ್ಳು ಏರುತ್ತಿತ್ತು. ಆಗ ಅವರು ನಿಂತಿದ್ದದ್ದು ಬಸ್ಸಿನ ಹಿಂದೆ, ಇನ್ನೂ ತೊಳೆಯದ ಗಾಜಿನ ಮುಂದೆ. ಹೊಟ್ಟೆಯುರಿಗೋ ಹುಮ್ಮಸ್ಸಿಗೋ, ಬೆರಳು ತಾನಾಗಿ ಧೂಳಿನ ಮೇಲೆ ಓಡಿತು.

ನೀ ಬಂದ ದಾರಿಯ ಧೂಳಿದು,
ಒರೆಸಲು ಮನಸೇ ಬಾರದು.

ಬರೆದು ಮುಗಿಸಿ, ನಾಚಿಕೆಯಾಗಿ, ಅಳಿಸಿಬಿಡೋಣ ಎಂದು ಪೈಪು ಎತ್ತಿದರೆ ನೀರಿಲ್ಲ! ಟ್ಯಾಂಕಿನ ಮೋಟಾರು ನಿಂತುಹೋಗಿತ್ತು. ಚಾಲು ಮಾಡಲು ಓಡಿದರು. ಅಷ್ಟರಲ್ಲಿ ಹಾರ್ನ್. ತಿರುಗಿ ನೋಡಿದರೆ ಬಸ್ಸು ಗೇಟು ದಾಟುತ್ತಿತ್ತು, ಬೆನ್ನಮೇಲೆ ಎರಡು ಸಾಲು ಹೊತ್ತುಕೊಂಡು.

“ನಿಲ್ಸಿ ಅಂತ ಕೂಗಬಹುದಿತ್ತು. ಕೂಗಿದ್ರೆ ಇಳಿದು ಬಂದು ಓದ್ತಿದ್ರು. ಅದಕ್ಕಿಂತ ಹೋಗ್ಲಿ ಅನ್ನಿಸ್ತು. ಬುದ್ಧಿ ಇಲ್ಲ ನೋಡಿ ನನಗೆ, ಒಬ್ಬರು ಓದ್ತಾರೆ ಅಂತ ನಾಚ್ಕೊಂಡು ಊರಿಗೆಲ್ಲ ಓದಿಸಿದೆ.”

ಊರು ಓದಿತು. ಬಸ್ಸಿನ ಹಿಂದೆ ಸಿಗ್ನಲ್ಲಿನಲ್ಲಿ ನಿಂತವರೆಲ್ಲ ಓದಿದರು, ಫೋಟೊ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಫೋಟೊ ಫೋನಿಂದ ಫೋನಿಗೆ ಹಾರುತ್ತಿತ್ತು. ಯಾವ ಹಾಡು, ಯಾವ ಸಿನಿಮಾ, ಯಾರು ಬರೆದದ್ದು? ನಿಲ್ದಾಣದ ಬೆಂಚಿನಲ್ಲಿ ಅಪರಿಚಿತರು ಅಪರಿಚಿತರೊಡನೆ ವಾದಕ್ಕೆ ಬಿದ್ದರು. ದಾರಿ ಇದೆ, ಧೂಳು ಇದೆ; ಇನ್ಯಾರದ್ದಾದೀತು, ದಾರಿ ದೊರೆಯದೇ ಎಂದು ಸಂಜೆಯೊಳಗೆ ತೀರ್ಮಾನವೂ ಆಗಿಹೋಯಿತು. ಡ್ರೈವರ್ ಡಿಪೋಗೆ ಹಿಂತಿರುಗಿದ್ದು ಕಪ್ ಗೆದ್ದು ತಂದ ಆಟಗಾರನ ಹಾಗೆ. ಮನೆಯಲ್ಲಿ ಅತ್ತೆ, ಪಕ್ಕದ ಮನೆಯಾಕೆಯ ಫೋನಿನಲ್ಲಿ ನೋಡಿ, “ನಮ್ಮೋರು ಬಸ್ಸಿನ ಮೇಲೇ ಬಂದ್ರು ಕಣೇ! ನಿಮ್ಮೋರು ಇನ್ನೂ ಬಾಗಿಲಲ್ಲೇ?” ಎಂದು ಕಾಲು ಕುಣಿಸಿದರು.

ಪೈಪಕ್ಕ ಬಾಯಿ ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ. ಯಾವ ಬಸ್ಸೂ ತೊಳೆಯದೆ ಗೇಟು ದಾಟಬಾರದು ಎಂಬುದು ಡಿಪೋದ ಮೊದಲ ನಿಯಮ; ಅವರದು ಕಾಯಂ ಕೆಲಸವಲ್ಲ, ಗುತ್ತಿಗೆ. ಅದನ್ನು ಮುಂದುವರಿಸುವುದೋ ಬೇಡವೋ ಎಂದು ಮೇಡಂ ಹೇಳಬೇಕಾಗಿದ್ದದ್ದು ಅದೇ ವಾರ. ಮೇಡಂ ಬೇರೆ, ಬಸ್ಸು ಹೊರಟ ಮೇಲೆ ದಾರಿಯಲ್ಲಿ ಯಾರೋ ಕಿಡಿಗೇಡಿ ಗೀಚಿದ್ದು ಎಂದು ನಂಬಿ ಸುಮ್ಮನಾಗಿದ್ದರು. ತಾನೂ ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಸಾಲು ನನ್ನದು ಎಂದರೆ, ತೊಳೆಯದೆ ಬಿಟ್ಟದ್ದೂ ನಾನೇ ಎಂದಂತೆ.

ಒಂದು ದಿನ ತಡೆದುಕೊಂಡರು. ಮರುದಿನವೂ ತಡೆದುಕೊಂಡರು. ಮೂರನೆಯ ಬೆಳಿಗ್ಗೆ ಡ್ರೈವರ್ ಎಂಜಿನ್ ಚಾಲು ಮಾಡಿ, ಡಿಪೋಕ್ಕೆಲ್ಲ ಕೇಳುವಂತೆ ಸಾರಿದರು. “ಇಂಥ ಸಾಲು ಬಾಗಿಲ ಮೇಷ್ಟ್ರು ಏಳು ಜನ್ಮ ಎತ್ತಿದ್ರೂ ಬರೆಯಲ್ಲ. ವಾದ ಮುಗೀತು. ನಾಳೆಯಿಂದ ಈ ಮಾತು ಬೇಡ.”

“ನನಗೇನಾದ್ರೂ ಅಂದಿದ್ರೆ ನುಂಗ್ಕೋತಿದ್ದೆ” ಎನ್ನುತ್ತಾರೆ ಪೈಪಕ್ಕ, ಈಗಲೂ ಮುಖ ಕೆಂಪಾಗಿಸಿಕೊಂಡು. “ನನ್ನ ಸಾಲು ಹಿಡ್ಕೊಂಡು ನನ್ನ ಮೇಷ್ಟ್ರಿಗೇ ಹೊಡೆದ್ರೆ?”

ಪೈಪು ಕೆಳಗೆ ಬಿತ್ತು. “ಅದು ನಿಮ್ಮ ದೊರೆದಲ್ಲ!”

“ಮತ್ತಿನ್ಯಾರದ್ದು?”

“ನಂದು!”

ಡೀಸೆಲ್ ಲೆಕ್ಕ ನೋಡಲು ಬಂದಿದ್ದ ಮೇಡಂ ಪಕ್ಕದ ಬಸ್ಸಿನ ಮರೆಯಿಂದ ಈಚೆ ಬಂದದ್ದು ಆಗಲೇ. ಆಡಿದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ಸಮಯವಿರಲಿಲ್ಲ. ಡ್ರೈವರ್ ಗಹಗಹಿಸಿ ನಕ್ಕರು. “ನಿಮ್ದಾ? ಹಾಗಾದ್ರೆ ಮುಂದಿನ ಸಾಲು ಹೇಳಿ. ಮುಳ್ಳು ಏರ್ತಾ ಇದೆ ನೋಡಿ!”

ಮುಂದಿನ ಸಾಲು ಇರಲೇ ಇಲ್ಲ. ಪೈಪಕ್ಕ ಗಾಜಿನ ಕಡೆ ನೋಡಿದರು; ಅದೀಗ ತೊಳೆದು ಫಳಫಳ ಎನ್ನುತ್ತಿತ್ತು, ಅದರಿಂದ ಏನೂ ಸಿಗುವಂತಿರಲಿಲ್ಲ. ಕೆಲಸಕ್ಕೆ ಹೊರಡುವಾಗ ಮುಂಬಾಗಿಲಿಗೆ ಚಿಲಕ ಹಾಕಬೇಡ, ಗಾಳಿಯಾದರೂ ಬಂದು ಹೋಗಲಿ ಎಂದು ಮಂಚದಿಂದ ಅತ್ತೆ ದಿನಾ ಹೇಳುವ ಮಾತು ಅದ್ಯಾಕೋ ಕಿವಿಗೆ ಬಂತಂತೆ. ರಾಗವಿಲ್ಲದೆ, ಎಂಜಿನ್ನಿನ ಮೇಲೆ, ಒಂದೊಂದೇ ಪದ ಇಟ್ಟರು.

ನೀ ಹೋದ ಬಾಗಿಲು ನನ್ನದು,
ಚಿಲಕವ ಕೈಯೇ ಹಾಕದು.

ಮುಳ್ಳು ಆಗಲೇ ಗೆರೆ ದಾಟಿತ್ತು. ಡ್ರೈವರ್ ಹಾರ್ನ್ ಒತ್ತಲಿಲ್ಲ. ಒತ್ತಲು ಎತ್ತಿದ ಕೈ ಹಾಗೇ ನಿಂತಿತ್ತು. “ದಾರಿನೂ ಇದೆ, ಬಾಗಿಲೂ ಇದೆ” ಎಂದು ಗೊಣಗಿದರು. “ಈಗ ಇದನ್ನ ಯಾರ ಕಡೆ ಹಾಕೋದು ಮಾರಾಯ್ರೆ?”

“ಮೊದಲು ಬಸ್ಸನ್ನ ಗೇಟಿನ ಕಡೆ ಹಾಕಿ” ಎಂದರು ಮೇಡಂ. ಅಂದು ಮೊದಲ ಟ್ರಿಪ್ಪು ತಡವಾಗಿ ಹೊರಟಿತು. ಆಮೇಲೆ ಮೇಡಂ ಪೈಪಕ್ಕನ ಕಡೆ ತಿರುಗಿದರು. “ಅಂದ್ರೆ ಗಾಜು ತೊಳೀದೆ ಬಿಟ್ಟಿದ್ದು ನೀವು.”

“ಹೌದು ಮೇಡಂ.”

“ನನ್ನ ತಲೆ ಮೇಲೆ ನೀರು ಹೊಯ್ದಾಗ್ಲೂ ಹೀಗೇ ‘ಹೌದು ಮೇಡಂ’ ಅಂದಿದ್ರಿ.” ಮೇಡಂ ಡೀಸೆಲ್ ಲೆಕ್ಕದ ಪುಸ್ತಕ ಮುಚ್ಚಿದರು. “ಗುತ್ತಿಗೆ ಮುಂದುವರಿಸ್ತೀನಿ. ಇನ್ನೊಂದ್ಸಲ ಆದ್ರೆ ಯಾವ ಕವಿನೂ ನಿಮ್ಮನ್ನ ಉಳಿಸಲ್ಲ. ಇನ್ನೊಂದು ತಿಂಗಳು ಎರಡೂ ಪಾಳಿಯ ಬಸ್ಸಿನ ಹಿಂದಿನ ಗಾಜು ನಿಮ್ಮದೇ.”

ಆ ಶಿಕ್ಷೆ ಇನ್ನೂ ನಡೆದಿದೆ. ಭುಜ ಇನ್ನಷ್ಟು ಮೇಲೆದ್ದಿದೆ. ಅತ್ತೆಗೆ ವಿಷಯ ತಿಳಿದ ದಿನ ರೇಡಿಯೋ ಆರಿಸಿ, ನಾಲ್ಕೂ ಸಾಲನ್ನು ಎರಡು ಸಲ ಹೇಳಿಸಿಕೊಂಡರಂತೆ. “ಮೊದಲೆರಡು ಚೆನ್ನಾಗಿದೆ ಕಣೇ. ಆಮೇಲಿನ ಎರಡಕ್ಕೆ ನಿಮ್ಮ ಮೇಷ್ಟ್ರ ಗಾಳಿ ಬಡಿದಿದೆ.” ಅಷ್ಟು ಹೇಳಿ ಗೋಡೆ ಕಡೆ ತಿರುಗಿದವರು, ಅಲ್ಲಿಂದಲೇ ಮೆಲ್ಲಗೆ ಕೇಳಿದ್ದು: “ಚಿಲಕದ್ದು, ನಾನು ಹೇಳಿದ್ದು ತಾನೇ?”

ಡಿಪೋದಲ್ಲಿ ಈಗ ಮೂರು ಪಕ್ಷ. ಟೈರಿಗೆ ಗಾಳಿ ತುಂಬುವ ಮಾವ, ಎಲ್ಲರಿಗೂ ಮಾವನೇ ಆದ ಆ ಹಿರಿಯರು, ಪೈಪಕ್ಕನ ಪಕ್ಷ ಕಟ್ಟಿದ್ದಾರೆ. ಅದಕ್ಕೆ ಪೈಪಕ್ಕನದೇ ವಿರೋಧ. “ನಾಲ್ಕು ಸಾಲಿಗೆಲ್ಲ ಪಕ್ಷ ಕಟ್ಟಿದ್ರೆ ಮೇಷ್ಟ್ರ ಮುಖ ನಾನು ಹೇಗೆ ನೋಡ್ಲಿ ಮಾವ?” ಎಂದು ಗದರುತ್ತಾರೆ. ಮೇಷ್ಟ್ರ ಮುಖ ಅವರು ನೋಡಿಯೇ ಇಲ್ಲ ಎಂದು ಯಾರೋ ನೆನಪಿಸಿದರೆ, “ಅದಕ್ಕೇ ಹೆದರಿಕೆ” ಎನ್ನುತ್ತಾರೆ.

ಹಾಡು ಸಿನಿಮಾಕ್ಕೆ ಬರಲಿ ಎಂಬ ಆಸೆಯೇ ಎಂದರೆ ಪೈಪನ್ನು ಸುತ್ತಿ ಗೂಟಕ್ಕೆ ಹಾಕುತ್ತ ತಲೆಯಾಡಿಸುತ್ತಾರೆ. “ಅಯ್ಯೋ, ಅದೆಲ್ಲ ಬೇಡ. ಅವರಿಬ್ಬರ ಸಾಲು ಹಿಡಿದು ನಾವು ಹೇಗೆ ಜಗ್ಗಾಡ್ತೀವೋ, ಹಾಗೆ ನನ್ನ ಸಾಲನ್ನೂ ಎಂಜಿನ್ ಮುಂದೆ ನಿಲ್ಲಿಸಿ ಯಾರಾದ್ರೂ ಬೈಯ್ಲಿ. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ. ಅದು ಸಾಲದು ನನಗೆ.”

ಬೆಳಕು ಹರಿದಿದೆ. ಮೊದಲ ಬಸ್ಸು ಹಾರ್ನ್ ಹೊಡೆದು ಕಟ್ಟೆ ಇಳಿಯುತ್ತದೆ. ಪೈಪಕ್ಕ ಒದ್ದೆ ಕೈಯನ್ನು ಹಣೆಗೆ ಅಡ್ಡ ಹಿಡಿದು, ಅದು ಗೇಟು ದಾಟುವವರೆಗೂ ನೋಡುತ್ತಾರೆ.

“ಬಸ್ ಸ್ಟಾಪಲ್ಲಿ ನಿಂತಾಗ ಆ ಹಿಂದಿನ ಗಾಜು ಒಂದ್ಸಲ ನೋಡಿ” ಎನ್ನುತ್ತಾರೆ. “ಏನೂ ಇರಲ್ಲ, ಧೂಳೂ ಇರಲ್ಲ. ಅದನ್ನೂ ನಾನೇ ಬರೆದಿರ್ತೀನಿ.”