ಬೇಡ ಎನ್ನುವ ದೀಪ

ಗುರುಮಲ್ಲಪ್ಪನವರು ಮನುಷ್ಯರನ್ನು ಬಹುವಚನದಲ್ಲಿ, ಯಂತ್ರಗಳನ್ನು ಏಕವಚನದಲ್ಲಿ ಮಾತನಾಡಿಸುತ್ತಿದ್ದರು. ಟ್ರಾನ್ಸಿಸ್ಟರ್ ಹೊಸದಾಗಿ ಬಂದಿದ್ದ ಕಾಲ. ಕೊಳ್ಳೇಗಾಲದ ಅವರ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಹೋದರೆ, “ಲೇ, ಏಳ್ಲಾ, ಎಷ್ಟೊತ್ತು ಮನಗೀಯೆ” ಎಂಬ ಬೈಗುಳ ಕೇಳುತ್ತಿತ್ತು. ಯಾರೋ ಮಲಗಿದ್ದಾರೆಂದು ಇಣುಕಿದರೆ, ಮೇಜಿನ ಮೇಲೆ ಮುಚ್ಚಳ ತೆಗೆದ ರೇಡಿಯೋ. ಅದು ಹಾಡಿದ ಕೂಡಲೇ ನಮ್ಮ ಕಡೆ ತಿರುಗಿ, “ನೋಡುದ್ರಾ? ನನ್ ಕೈ ಅಂದ್ರೆ ಅದ್ಕೂ ಭಯ” ಎನ್ನುವರು. ಜಂಬಕ್ಕೇನೂ ಕಡಿಮೆಯಿರಲಿಲ್ಲ. ಆ ಜಂಬ ಅವರಿಗೆ ಒಪ್ಪುತ್ತಿತ್ತು.

ನಮ್ಮಪ್ಪ ಧನಗೆರೆಯಲ್ಲಿ ಗದ್ದೆಯ ಆ ತುದಿಯಿಂದ ಕೂಗಿದರೆ ಈ ತುದಿಯ ಆಳು ಎದ್ದು ನಿಲ್ಲುತ್ತಿದ್ದ. ಅಂಥವರಿಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಆಡುತ್ತಿದ್ದದ್ದು ಎಡಗೈ ಹೆಬ್ಬೆರಳು ಮಾತ್ರ. ಬುದ್ಧಿ ನೆಟ್ಟಗಿತ್ತೆಂಬುದು ನನಗೂ ಅವ್ವನಿಗೂ ಗೊತ್ತು. ಮಿಕ್ಕವರು ಅವರ ಎದುರಿಗೇ, ಅವರು ಇಲ್ಲವೇ ಇಲ್ಲವೆಂಬಂತೆ, ಅವರ ವಿಷಯ ತೀರ್ಮಾನಿಸತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ರೇಡಿಯೋ ಸರಿಮಾಡಲು ಮನೆಗೆ ಬಂದ ಗುರುಮಲ್ಲಪ್ಪನವರು ಆ ಬೆರಳನ್ನು ತುಂಬ ಹೊತ್ತು ನೋಡಿದರು. ಸ್ವಲ್ಪ ದಿನ ಬಿಟ್ಟು ಒಂದು ಹಲಗೆ ಹೊತ್ತು ತಂದರು. ಹಳೆಯ ಗಡಿಯಾರದ ಹಲ್ಲಿನ ಚಕ್ರ, ಕರೆಗಂಟೆಯ ತಂತಿಸುರುಳಿ, ಲಾರಿ ಬ್ಯಾಟರಿ, ಸಾಲಾಗಿ ಐದು ಪುಟ್ಟ ಬಲ್ಬು. ಗುಂಡಿ ಮಾತ್ರ ಒಂದೇ. ಒತ್ತಿದಾಗಲೆಲ್ಲ ಚಕ್ರ ಒಂದು ಹಲ್ಲು ತಿರುಗಿ, ಬೆಳಕು ಪಕ್ಕದ ಬಲ್ಬಿಗೆ, ಕೊನೆಯದರಿಂದ ಮತ್ತೆ ಮೊದಲನೆಯದಕ್ಕೆ ಹೋಗುತ್ತಿತ್ತು. ಕೆಳಗೆ ನೀರು, ಊಟ, ಮಗ್ಗುಲು, ರೇಡಿಯೋ ಎಂದು ಬರೆದಿದ್ದರು. ನಾಲ್ಕನೆಯದು ಹತ್ತಿದರೆ ರೇಡಿಯೋ ತಾನೇ ಹಾಡುತ್ತಿತ್ತು. ಐದನೆಯದರ ಕೆಳಗೆ ‘ಬೇಡ’ ಎಂದಿತ್ತು.

“ಬೇಡ ಅನ್ನೋದ್ಯಾಕೆ? ಬೇಕಾದ್ದೇ ಇನ್ನೊಂದ್ ಬರೀಬೋದಿತ್ತು” ಎಂದೆ.

“ಎಲ್ರೂ ಬೇಕಾ ಬೇಕಾ ಅಂತೀರಿ ಕಣ್ರವ್ವ. ಬೇಡ ಅನ್ನಕ್ಕಾಗ್ದಿದ್ರೆ ಯಜಮಾನ್ರು ಎಂಗೆ ಯಜಮಾನ್ರಾದಾರು?”

ಅಪ್ಪ ಮೊದಲ ಸಲ ಒತ್ತಿದಾಗ ಟಕ್ಕೆಂದು ಬೆಳಕು ಸರಿಯಿತು. ಅಪ್ಪನ ಕಣ್ಣು ತುಂಬಿತ್ತು. ಅವ್ವ ಕೈಮುಗಿದದ್ದು ದೇವರಿಗೋ ಗುರುಮಲ್ಲಪ್ಪನವರಿಗೋ ತಿಳಿಯಲಿಲ್ಲ. ಅವರಂತೂ ತಮಗೇ ಎಂದುಕೊಂಡು ಮೀಸೆ ತಿರುವಿದರು.

ಕೆಲವು ತಿಂಗಳ ಮೇಲೆ, ಮೈಸೂರಿನಲ್ಲಿದ್ದ ನಮ್ಮಣ್ಣ ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯಲು ಕಾರು ತಂದ. “ಅವ್ರನ್ನೇ ಕೇಳು” ಎಂದು ನಾನು ಹಟ ಹಿಡಿದೆ. ಕೇಳಿದ. ಹೆಬ್ಬೆರಳು ಆಡಿತು, ನೀರಿನ ದೀಪ ಹತ್ತಿತು. ಅಣ್ಣ ಲೋಟ ತರಲು ಓಡಿದ.

“ತಾಳ್ಲಾ, ಅವ್ರಿನ್ನೂ ಮಾತಾಡ್ತಾವ್ರೆ” ಎಂದಳು ಅವ್ವ.

ಬೆಳಕು ಊಟ ದಾಟಿತು, ಮಗ್ಗುಲು ದಾಟಿತು. ರೇಡಿಯೋ ಅರೆಕ್ಷಣ ಹಾಡಿ ನಿಂತಿತು. ‘ಬೇಡ’ ಹತ್ತಿದ ಮೇಲೆ ಅಪ್ಪ ಬೆರಳನ್ನು ಗುಂಡಿಯಿಂದ ತೆಗೆದರು. ಅಣ್ಣ ಲೋಟ ಕೆಳಗಿಟ್ಟು, ಒಬ್ಬನೇ ಕಾರು ಹತ್ತಿ, ಕಾರಿನವನಿಗೆ ಹೊರಡು ಎಂದ.

ಇದನ್ನು ಹೇಳಲು ಮರುದಿನವೇ ಕೊಳ್ಳೇಗಾಲಕ್ಕೆ ಹೋದೆ. ಅಂಗಡಿ ಮುಚ್ಚಿತ್ತು. ಪಕ್ಕದ ಟೈಲರು, “ಎದೆನೋವು ಅಂದ್ರು ಕಣವ್ವ, ಅಷ್ಟೇಯ. ಮೊನ್ನೆ ಮಣ್ ಮಾಡುದ್ವಿ” ಎಂದರು.

ಮನೆಗೆ ಬಂದು ಅಪ್ಪನಿಗೆ ತಿಳಿಸಿದೆ. ಸಂಜೆ ಅವ್ವ ಗಂಜಿ ತಂದಳು, ನೀರು ತಂದಳು. ಎರಡು ಸಲವೂ ಅಪ್ಪ ಬೆಳಕನ್ನು ‘ಬೇಡ’ದ ಮೇಲೆಯೇ ನಿಲ್ಲಿಸಿದರು. ನಾವೂ ಉಣ್ಣಲಿಲ್ಲ.