ಮಾವನ ಎಲೆಯ ಮುಂದಿನ ಗ್ಲಾಸು

ನನ್ನ ಗಂಡ ಆಯುಷ್ಯವಿಡೀ ರಮ್ಮು ಮಾರಿದರು, ಒಂದು ಗುಟುಕೂ ಕುಡಿದವರಲ್ಲ. ಮುಲುಂಡ್ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ನಮ್ಮ ಹೋಟೆಲ್. ಕೆಳಗೆ ಇಡ್ಲಿ, ದೋಸೆ. ಮೇಲೆ ಪರ್ಮಿಟ್ ರೂಮ್, ಅಂದರೆ ಬಾರು. ನಮ್ಮ ಕರಾವಳಿಯವರು ಎರಡಕ್ಕೂ ಸೇರಿಸಿ ‘ಹೋಟೆಲ್’ ಎಂದೇ ಹೇಳುತ್ತಾರೆ. ಹೆಣ್ಣು ನೋಡಲು ಬಂದಾಗಲಂತೂ ಮಾಳಿಗೆಯ ಸುದ್ದಿ ಯಾರ ಬಾಯಲ್ಲೂ ಬರುವುದಿಲ್ಲ. ನಾನು ಮದುವೆಯಾಗಿ ಮುಂಬಯಿಗೆ ಬಂದು, ಒಂದು ದಿನ ಆ ಮೆಟ್ಟಿಲು ಹತ್ತಿದ ಮೇಲೆಯೇ ನನಗೆ ಗೊತ್ತಾದದ್ದು. ಮುನಿಸಿಪಾಲ್ಟಿಯ ಕನ್ನಡ ಶಾಲೆಯ ಟೀಚರು ನಾನು. ಮನೆಯೊಳಗೆ ಬಾಟ್ಲಿ ಬರಕೂಡದು ಎಂದು ಅವತ್ತೇ ಕಾನೂನು ಮಾಡಿದೆ. ಅವರು ತಲೆಯಾಡಿಸಿ, ವರ್ಷದಲ್ಲಿ ಒಂದು ದಿನಕ್ಕೆ ಮಾತ್ರ ವಿನಾಯಿತಿ ಕೇಳಿದರು.

ಆ ದಿನ ಆಟಿ ತಿಂಗಳಲ್ಲಿ ಬರುತ್ತದೆ. ಹೊರಗೆ ಮಳೆ ಹೊಯ್ಯುವ ಆ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮ. ಒಳಕೋಣೆಯಲ್ಲಿ ಬಾಳೆಲೆ, ಅದರ ಮೇಲೆ ಕೋಳಿ ಸಾರು, ರೊಟ್ಟಿ, ಹೋದವರಿಗೆ ಇಷ್ಟವಾದದ್ದೆಲ್ಲ. ಮಾವನಿಗೆ ಒಂದು ಗ್ಲಾಸು ರಮ್ಮು. ಬಡಿಸಿ, ಬಾಗಿಲು ಹಾಕಿ, ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಉಂಡಿರಬಹುದು ಎನಿಸಿದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು.

ಆ ಹೋಟೆಲ್ ಕಟ್ಟಿದವರು ಮಾವ. ಕಲಬೆರಕೆ ಮಾಲು ಕಂಡರೆ ಅವರಿಗೆ ಮೈಯೆಲ್ಲ ಉರಿ. ಒಂದು ಹನಿಯನ್ನು ಅಂಗೈಗೆ ಹಾಕಿ, ಉಜ್ಜಿ, ಮೂಗಿನ ಹತ್ತಿರ ಹಿಡಿದು, ಅಸಲಿಯೋ ನಕಲಿಯೋ ಹೇಳುತ್ತಿದ್ದರಂತೆ. ಮೂಸದೆ ಮುಟ್ಟಿದವರಲ್ಲ. ಆ ವಿದ್ಯೆ ಮಗನಿಗೂ ಬಂತು. ಗಿರಾಕಿ ‘ಯೇ ಅಸ್ಲಿ ನಹೀ ಹೈ, ಸೇಠ್’ ಎಂದು ಗಲಾಟೆ ಎಬ್ಬಿಸಿದರೆ ಇವರು ಗಲ್ಲಾದಿಂದ ಎದ್ದು ಬಂದು ಅಂಗೈ ಉಜ್ಜಿ ಮೂಸುತ್ತಿದ್ದರು. ಇವರು ‘ಅಸ್ಲಿ’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಆಟಿಯ ದಿನವೂ ಅಷ್ಟೇ. ಮೊದಲು ತಾವು ಮೂಸಿ, ಆಮೇಲೆ ಅಪ್ಪನ ಎಲೆಯ ಮುಂದೆ ಗ್ಲಾಸು ಇಡುತ್ತಿದ್ದರು. ಕುಡಿಯದ ಮಗ ಕುಡಿಯುವ ಅಪ್ಪನಿಗೆ ಮಾಡುವ ಸೇವೆ ನೋಡಿ ನನಗೆ ನಗು ಬರುತ್ತಿತ್ತು.

ನಮ್ಮ ಮೂವರಿಗೂ ಬಂದ ಕೊರೋನಾ ಜ್ವರ ಬಿಟ್ಟಿತು, ಹೋಗುವಾಗ ನನ್ನ ಗಂಡನ ಮೂಗನ್ನು ಕೊಂಡುಹೋಯಿತು. ನನಗೂ ಮಗಳಿಗೂ ಕೆಲವೇ ವಾರಗಳಲ್ಲಿ ವಾಸನೆ ತಿರುಗಿ ಬಂತು. ಅವರಿಗೆ ಬರಲಿಲ್ಲ. ಬಂಗುಡೆ ಹುರಿದರೂ ಗೊತ್ತಾಗದು, ಹಾಲು ಸೀದರೂ ಗೊತ್ತಾಗದು. ಡಾಕ್ಟರುಗಳು ಕಾಯಿರಿ ಎಂದರು, ಕಾದೆವು. ಆ ವರ್ಷದ ಆಟಿಗೆ ಇವರು ತಂದ ಬಾಟ್ಲಿಯನ್ನು ಹಾಗೇ ಹಿಂದೆ ಕಳಿಸಿದರು.

“ನನಗೇ ಗೊತ್ತಾಗದ್ದನ್ನು ಅಪ್ಪನಿಗೆ ಹೇಗೆ ಇಡುವುದು?” ಎಂದರು. ಮಾವನ ಎಲೆಯ ಮುಂದೆ ನೀರಿನ ಲೋಟ ಮಾತ್ರ ಇತ್ತು.

ಹೋಟೆಲಿನಲ್ಲೂ ಮೆಲ್ಲಗೆ ತಿಳಿಯಿತು. ಗಿರಾಕಿ ಗಲಾಟೆ ಮಾಡಿದರೆ ವೇಟರುಗಳ ಮೇಲಿನ ಕ್ಯಾಪ್ಟನ್ನೇ ಅಡುಗೆಮನೆಯ ಹಿಂದೆ ಹೋಗಿ ಮೂಸಿ ಬರುತ್ತಿದ್ದನಂತೆ, ಸೇಠ್‌ಗೆ ಬೇಜಾರಾಗದ ಹಾಗೆ. ಇವರಿಗೆ ಅದು ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಮನೆಗೆ ಬಂದು ಅನ್ನಕ್ಕೆ ಸಾರು ಕಲಸಿ, ಹುಲ್ಲು ತಿಂದ ಹಾಗೆ ತಿಂದು ಮಲಗುತ್ತಿದ್ದರು.

ಪವಾಯಿಯಲ್ಲಿ ಕೆಲಸ ಮಾಡುವ ಮಗಳು ನೆಟ್‌ನಲ್ಲಿ ಏನೇನೋ ಓದಿ, ದಿನವೂ ಗಟ್ಟಿ ವಾಸನೆಗಳನ್ನು ಮೂಸಿಸಿದರೆ ಮೂಗು ಎಚ್ಚರವಾಗುತ್ತದೆ ಎಂದಳು. ಲವಂಗ ಆಯಿತು, ಕಾಫಿ ಪುಡಿ ಆಯಿತು. ಕೊನೆಗೆ ಇವರೇ ಹೇಳಿದರು, “ರಮ್ಮು ಹುಟ್ಟುವಲ್ಲಿಗೇ ಹೋಗುವ. ಬಾಟ್ಲಿಯಲ್ಲಿ ಇರುವುದು ಎಂತ? ಅಲ್ಲಿ ಹಂಡೆಗಟ್ಟಲೆ ವಾಸನೆ ಉಂಟು.” ಮುಳುಗುವವನಿಗೆ ಹುಲ್ಲುಕಡ್ಡಿ. ಯಾತ್ರೆಗೆ ಹೋಗುವ ವಯಸ್ಸಿನಲ್ಲಿ ನಾವು ಡಿಸ್ಟಿಲರಿಗಳಿಗೆ ಹೊರಟೆವು.

ಮೊದಲು ಹೋದದ್ದು ಕೊಲ್ಹಾಪುರದ ಕಡೆಗೆ, ಕಬ್ಬು ಅರೆಯುವ ಕಾಲದಲ್ಲಿ. ಸಕ್ಕರೆ ಕಾರ್ಖಾನೆಯ ಬೆನ್ನಿಗೇ ಡಿಸ್ಟಿಲರಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯನ್ನು ದೊಡ್ಡ ತೊಟ್ಟಿಗಳಲ್ಲಿ ಹುದುಗಲು ಬಿಡುತ್ತಾರೆ. ಗೇಟು ದಾಟುವ ಮೊದಲೇ ನಾತ ಮೂಗಿಗೆ ಬಡಿಯಿತು. ಹುಳಿ, ಕೊಳೆ, ಸುಟ್ಟ ಬೆಲ್ಲ, ಎಲ್ಲ ಒಟ್ಟಿಗೆ. ನಾನು ಸೆರಗಿನಿಂದ ಮೂಗು ಮುಚ್ಚಿದೆ. ನಮ್ಮನ್ನು ಕರೆದುಕೊಂಡು ಹೋದ, ಹೋಟೆಲಿಗೆ ಮಾಲು ಕೊಡುವ ಸಪ್ಲೈಯರ್ ಕಡೆಯ ಮನುಷ್ಯ ಕರ್ಚೀಫು ಕಟ್ಟಿಕೊಂಡ. ಇವರೊಬ್ಬರು ತೊಟ್ಟಿಯ ಕಟ್ಟೆಯ ಮೇಲೆ ಬಗ್ಗಿ, ನೊರೆ ಉಕ್ಕುವುದನ್ನು ನೋಡುತ್ತ, ಎದೆ ತುಂಬ ಉಸಿರೆಳೆದರು. ಮತ್ತೆ ಎಳೆದರು. ತಿರುಗಿ ನನ್ನನ್ನು ನೋಡಿದರು.

“ಅಷ್ಟು ವಾಸನೆ ಉಂಟಾ?” ಎಂದು ಕೇಳಿದರು.

ನಾನು ಸೆರಗು ಇಳಿಸಿದೆ. “ಹೆಚ್ಚೇನಿಲ್ಲ” ಎಂದೆ. ಆಗ ಮೂಗಿನೊಳಗೆ ಹೊಕ್ಕ ಆ ನಾತಕ್ಕಿಂತ ಅವರ ಮುಖ ನೋಡುವುದೇ ಕಷ್ಟವಾಯಿತು. ದೇವರ ಮೇಲೆ ಹೇಸಿಗೆ ಬಂತು. ಊರಿಗೆಲ್ಲ ಬೇಡವಾದ ನಾತ, ಬೇಕೆಂದು ಬಂದವರಿಗೆ ಒಂದು ಚೂರು ಕೊಡಬಾರದೇ?

ಗೋವಾದ ಒಳನಾಡಿನಲ್ಲಿ ಒಂದು ಚಿಕ್ಕ ಡಿಸ್ಟಿಲರಿಗೆ ಹೋದೆವು. ಅಲ್ಲಿ ಹಸಿ ಕಬ್ಬಿನ ಹಾಲಿನಿಂದಲೇ ಇಳಿಸುತ್ತಾರೆ. ತಾಮ್ರದ ಹಂಡೆ ಫಳಫಳ ಹೊಳೆಯುತ್ತಿತ್ತು, ನಳಿಗೆಯಿಂದ ನೀರಿನಂಥದ್ದು ತೊಟ್ಟಿಕ್ಕುತ್ತಿತ್ತು. ಇವರು ಅಂಗೈ ಒಡ್ಡಿದರು, ಉಜ್ಜಿದರು. ಏನಿಲ್ಲ. “ತಣ್ಣಗೆ ಉಂಟು, ಅಷ್ಟೆ” ಎಂದರು.

ಕೊನೆಗೆ ಮಗಳು ಹಟ ಹಿಡಿದು ಮಾರಿಷಸ್‌ಗೆ ಟಿಕೆಟ್ ಮಾಡಿಸಿದಳು. ಹನಿಮೂನಿನ ಜೋಡಿಗಳ ನಡುವೆ ನಾವಿಬ್ಬರು ಮುದುಕರು ಬಸ್ಸಿಳಿದು, ಕಬ್ಬಿನ ಗದ್ದೆಗಳ ಮಧ್ಯದ ತಂಪು ಗೋದಾಮಿಗೆ ಹೋದೆವು. ಮರದ ಪೀಪಾಯಿಗಳು ಸಾಲಾಗಿ ಮಲಗಿದ್ದವು. ತೋರಿಸುವ ಹುಡುಗಿ ನಮ್ಮ ಮುಖ ನೋಡಿ ಹಿಂದಿಯಲ್ಲೇ ಹೇಳತೊಡಗಿದಳು. ವೆನಿಲ್ಲಾ, ಸುಟ್ಟ ಸಕ್ಕರೆ, ಕಳಿತ ಬಾಳೆಹಣ್ಣು, ಹಳೆಯ ಮರ. ಒಬ್ಬೊಬ್ಬರ ಕೈಗೂ ಗ್ಲಾಸಿನಲ್ಲಿ ಚೂರು ರಮ್ಮು ಕೊಟ್ಟು, ಇದರಲ್ಲಿ ಈ ನಾಲ್ಕು ವಾಸನೆ ಹುಡುಕಿ ಎಂದಳು. ಜೋಡಿಗಳು ಕಿಲಕಿಲ ನಕ್ಕು ಹುಡುಕಿದವು. ಇವರು ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಎಲ್ಲರೂ ಮುಂದಿನ ಸಾಲಿಗೆ ಹೋದ ಮೇಲೂ ನಿಂತರು. ಪೀಪಾಯಿಯ ರಮ್ಮು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಗಾಳಿಗೆ ಹೋಗುತ್ತದೆ ಎಂದು ಅವಳು ಹೇಳಿದಾಗ ಮಾತ್ರ ಒಂದು ಪ್ರಶ್ನೆ ಕೇಳಿದರು.

“ಹೋದದ್ದನ್ನು ಮತ್ತೆ ತುಂಬಿಸುವುದಿಲ್ವಾ?”

ಕೆಲವು ಕಡೆ ತುಂಬಿಸುತ್ತಾರೆ, ಇಲ್ಲಿ ಇಲ್ಲ ಎಂದಳು. ಹೊರಡುವಾಗ ಎಲ್ಲರಿಗೂ ಒಂದೊಂದು ಪುಟಾಣಿ ಬಾಟ್ಲಿ ಕೊಟ್ಟಳು, ಕೆಮ್ಮಿನ ಔಷಧದ ಸೀಸೆಯಷ್ಟು.

ಆ ಸೀಸೆ ಮುಲುಂಡಿನ ನಮ್ಮ ಮನೆಗೆ ಬಂತು, ನನ್ನ ಕಾನೂನು ಮುರಿದು ದೇವರ ಕಪಾಟಿನ ಪಕ್ಕದಲ್ಲೇ ಕುಳಿತಿತು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಅಂಗೈಗೆ ಹನಿ ಹಾಕಿ ಉಜ್ಜಿ ಮೂಸುವುದು, ಸಿಗದೆ ಮತ್ತೆ ಮತ್ತೆ ಹಾಕುವುದು. ಮೊದಲ ದಿನವೇ ಹೇಳಿಬಿಟ್ಟಿದ್ದರು, “ಇದು ಮುಗಿಯುವುದರೊಳಗೆ ಬಂದರೆ ಬಂತು. ಇಲ್ಲದಿದ್ದರೆ ಸಾಕು ಮಾರಾಯ್ತಿ. ಹೋಟೆಲ್ ಯಾರಿಗಾದರೂ ಕೊಟ್ಟುಬಿಡುವ. ಮೂಗಿಲ್ಲದವ ಗಲ್ಲಾದಲ್ಲಿ ಕೂತು ಎಂತ ಮಾಡುವುದು?”

ಸೀಸೆ ಇಳಿಯುತ್ತ ಬಂತು. ಹನಿ ಹನಿಯಾಗಿ ಅಷ್ಟು ಬೇಗ ಇಳಿಯುತ್ತದೆ ಎಂದು ನಾನು ಎಣಿಸಿರಲಿಲ್ಲ. ಅದು ಬರಿದಾದ ಮೇಲೆ ಈ ಮನುಷ್ಯ ಹಾಲ್‌ನ ಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತುಬಿಡುವುದು ನನ್ನ ಕಣ್ಣಿಗೆ ಕಟ್ಟಿತು. ಗುಟ್ಟಾಗಿ ರಮ್ಮು ತಂದು ತುಂಬಿಸೋಣವೆಂದರೆ, ವೈನ್ ಶಾಪಿನ ಜಾಲರಿಯ ಮುಂದೆ ಕೈ ಚಾಚಿ ನಿಲ್ಲುವ ಎದೆ ನನಗಿಲ್ಲ, ನಮ್ಮದೇ ಹೋಟೆಲಿನಿಂದ ತರಿಸಿದರೆ ಅರ್ಧ ಗಂಟೆಯಲ್ಲಿ ಅವರಿಗೆ ತಿಳಿಯುತ್ತದೆ. ಒಂದು ಮಧ್ಯಾಹ್ನ ಹಾಲಿಲ್ಲದ ಚಹಾ ಕಾಯಿಸಿ, ಸೋಸಿ, ಆರಿಸಿ, ಒಂದು ಚಮಚ ಸೀಸೆಗೆ ಸೇರಿಸಿದೆ. ಬಣ್ಣ ಸರಿಯಾಗಿ ಕೂಡಿತು. ಮಾರನೆಯ ಬೆಳಿಗ್ಗೆ ಅವರಿಗೆ ಗೊತ್ತಾಗಲಿಲ್ಲ.

ಮತ್ತೆ ಸೇರಿಸಿದೆ. ಸೇರಿಸುತ್ತಲೇ ಹೋದೆ. ಬೇಸಗೆ ಬರುವ ಹೊತ್ತಿಗೆ ಸೀಸೆಯಲ್ಲಿ ರಮ್ಮಿನ ಹೆಸರೂ ಉಳಿದಿರಲಿಲ್ಲ. ಹಳಸಬಾರದೆಂದು ಆಗಾಗ ಚೆಲ್ಲಿ ಹೊಸದಾಗಿ ತುಂಬಿಸುತ್ತಿದ್ದೆ. ಬೆಳಿಗ್ಗೆ ಅವರು ಚಹಾವನ್ನು ಅಂಗೈಗೆ ಉಜ್ಜಿಕೊಂಡು ಮೂಸುವಾಗ ನಾನು ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಮುಗಿಯದ ಸೀಸೆಯ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ವಾಸನೆ ತಿರುಗಿ ಬರುವುದೆಂಬ ಆಸೆ ನನಗೆ ಅಷ್ಟರಲ್ಲಿ ಸತ್ತೇಹೋಗಿತ್ತು. ಅವರದ್ದು ಸಾಯಬಾರದು ಎಂಬುದಷ್ಟೇ ಬಾಕಿ.

ಆಟಿ ಬಂತು. ಮಗಳು ರಜೆ ಹಾಕಿ ಬಂದಿದ್ದಳು. ಒಳಕೋಣೆಯಲ್ಲಿ ಎಲೆ ಹಾಕಿ, ಸಾರು ಬಡಿಸಿ, ಅಗರಬತ್ತಿ ಹಚ್ಚಿದೆ. ಇವರು ಬಿಳಿ ಪಂಚೆ ಉಟ್ಟು, ಕಪಾಟಿನಿಂದ ಸೀಸೆ ತೆಗೆದು, ಅಂಗೈಗೆ ಹನಿ ಹಾಕಿ ಉಜ್ಜಿದರು. ಮೂಗಿಗೆ ಹಿಡಿದರು. ಹಿಡಿದ ಕೈ ಹಾಗೇ ನಿಂತಿತು.

“ಬಂತು” ಎಂದರು. “ಬಂತು ಮಾರಾಯ್ತಿ! ವೆನಿಲ್ಲಾ... ಸುಟ್ಟ ಸಕ್ಕರೆ... ಬಾಳೆಹಣ್ಣು ಉಂಟು, ಮರ ಉಂಟು. ಎಲ್ಲ ಉಂಟು!”

“ಸಚ್ಚೀ, ಪಪ್ಪಾ? ಸ್ಮೆಲ್ ಬಂತು?” ಎಂದು ಮಗಳು ಅವರ ಕೊರಳಿಗೆ ಜೋತುಬಿದ್ದಳು. ಅಳುತ್ತಿದ್ದಳು. ಅವರ ಕಣ್ಣೂ ಒದ್ದೆ.

ಹಿಂದಿನ ಸಂಜೆ ನಾನು ಕಾಯಿಸಿದ ಚಹಾ ಅದು. ಅದರಲ್ಲಿ ಅವರಿಗೆ ಸಿಕ್ಕಿದ್ದು ಆ ಹುಡುಗಿ ಹೇಳಿಕೊಟ್ಟ ನಾಲ್ಕು ವಾಸನೆ, ಅದೇ ಸಾಲಿನಲ್ಲಿ. ಬಾಯಿ ತೆರೆದೆ. “ಒಳ್ಳೆಯದಾಯಿತು” ಎಂದು ಮಾತ್ರ ಬಂತು.

ಅವರು ಸೀಸೆಯನ್ನು ಪೂರ್ತಿ ಗ್ಲಾಸಿಗೆ ಬಗ್ಗಿಸಿದರು, ಕೊನೆಯ ಹನಿಯವರೆಗೂ. ಎರಡೂ ಕೈಯಲ್ಲಿ ಹಿಡಿದು ಅಪ್ಪನ ಎಲೆಯ ಮುಂದೆ ಇಟ್ಟು, ಅಡ್ಡಬಿದ್ದು, ಹೊರಗೆ ಬಂದು ಬಾಗಿಲು ಎಳೆದರು. ನಾವು ಮೂವರೂ ಪ್ಯಾಸೇಜಿನಲ್ಲಿ ನಿಂತೆವು. ಸಾಕಷ್ಟು ಹೊತ್ತಾಯಿತು. ಬಾಗಿಲು ತಟ್ಟಬೇಕಾದವರು ತಟ್ಟಲಿಲ್ಲ.

“ಇನ್ನು ಸ್ವಲ್ಪ ಇರ್ಲಿ” ಎಂದರು, ಪಿಸುದನಿಯಲ್ಲಿ. “ಅಪ್ಪ ಈಗ ಮೂಸಿ ನೋಡ್ತಾ ಇರಬಹುದು.”

ಬಾಗಿಲ ಸಂದಿಯಿಂದ ಕೋಳಿ ಸಾರಿನ ವಾಸನೆ ಬರುತ್ತಿತ್ತು, ಅಗರಬತ್ತಿಯದು ಬರುತ್ತಿತ್ತು. ರಮ್ಮಿನದು ಬರುತ್ತಿರಲಿಲ್ಲ.