ವಾಪಸು ಬಂದ ಸ್ವೆಟರ್

ಮೊದಲು ಬೆಳ್ಳಗಾದದ್ದು ಬಲಗೈಯ ಉಂಗುರ ಬೆರಳು.

ಮಾಗಿಯ ಒಂದು ಬೆಳಿಗ್ಗೆ. ಡೈರಿಯಲ್ಲಿ ಹಾಲು ಅಳೆಯುತ್ತಿದ್ದೆ. ಸ್ಟೀಲ್ ಕ್ಯಾನಿನ ಹಿಡಿ ಮುಟ್ಟಿದ್ದೇ ತಡ, ಬೆರಳಿನ ತುದಿಯಿಂದ ಗಿಣ್ಣಿನವರೆಗೆ ಸುಣ್ಣ ಬಳಿದ ಹಾಗೆ ಬಿಳುಪಾಯಿತು. ನೋವಿಲ್ಲ. ಮುಟ್ಟಿದರೆ ತಿಳಿಯುವುದೂ ಇಲ್ಲ. ಚಿವುಟಿ ನೋಡಿಕೊಂಡೆ, ಬೇರೆ ಯಾರದೋ ಬೆರಳನ್ನು ಚಿವುಟಿದಂತಿತ್ತು. ಸ್ವಲ್ಪ ಹೊತ್ತಿಗೆ ನೀಲಿ. ಆಮೇಲೆ ಕೆಂಪು. ಕೆಂಪಾಗುವಾಗ ಬಂದ ಉರಿಗೆ ಕಣ್ಣಲ್ಲಿ ನೀರು ಬಂತು. ಹಾಲು ಹಾಕಲು ಬಂದು ನಿಂತಿದ್ದ ಹೆಂಗಸರು ತಮ್ಮ ತಮ್ಮ ಕ್ಯಾನುಗಳನ್ನು ಬಿಟ್ಟು ನನ್ನ ಬೆರಳನ್ನೇ ನೋಡುತ್ತಿದ್ದರು.

ನಾನು ಪದ್ಮಾವತಿ. ಮುಳಬಾಗಿಲು ತಾಲ್ಲೂಕು, ದೇವರಾಯಸಮುದ್ರದ ಹತ್ತಿರದ ಒಂದು ಹಳ್ಳಿಯ ಮಹಿಳಾ ಹಾಲು ಡೈರಿಯಲ್ಲಿ ಕಾರ್ಯದರ್ಶಿ. ಬೆಳಿಗ್ಗೆ ಹಾಲು, ಸಂಜೆ ಹಾಲು, ನಡುವಿನ ಹೊತ್ತು ಉಲ್ಲನ್. ಸ್ವೆಟರ್ ಹೆಣೆಯುವುದು ನನ್ನ ಹುಚ್ಚು. ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಡಂ ಹಿಡಿಸಿದ್ದು, ಬಿಡಲೇ ಇಲ್ಲ. "ನಮ್ಮೂರಲ್ಲೇನು ಹಿಮ ಬೀಳುತ್ತಾ?" ಎಂದು ಕೇಳದವರು ನಮ್ಮ ಬಂಧುಬಳಗದಲ್ಲಿ ಯಾರೂ ಇಲ್ಲ. ಕೇಳಿದ ಬಾಯಿಂದಲೇ ಮುಂದಿನ ಮಾತಾಗಿ "ನಮ್ಮ ಹುಡುಗನಿಗೊಂದು ಹಾಕ್ಕೊಡು" ಎಂದೂ ಬರುತ್ತಿತ್ತು. ಹಾಕಿಕೊಡುತ್ತಿದ್ದೆ. ಮಿಷನ್ನಿನಲ್ಲಿ ಹಾಕಿದ ಸ್ವೆಟರಿಗೂ ಕೈಯಲ್ಲಿ ಹಾಕಿದ್ದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಜನಕ್ಕೆ ಕತ್ತಿನ ಪಟ್ಟಿ ಸರಿಯಾಗಿ ಕೂರುವವರೆಗೆ ಬಿಚ್ಚಿ ಬಿಚ್ಚಿ ಹಾಕಿಕೊಡುತ್ತಿದ್ದೆ.

ಅತ್ತೆಯವರಿಗೊಂದು ಹಾಕಿಕೊಟ್ಟಿದ್ದೆ. ಅತ್ತೆ ಮುನಿವೆಂಕಟಮ್ಮ, ಆಂಧ್ರದ ಪುಂಗನೂರು ಕಡೆಯವರು. ಮಾತು ಕನ್ನಡದಲ್ಲಿ ಶುರುವಾದರೂ ಬೈಗುಳ ತೆಲುಗಿನಲ್ಲೇ ಮುಗಿಯಬೇಕು. "ಎರಡು ಕಡ್ಡಿ ಹಿಡ್ಕೊಂಡು ಕೂತ್ರೆ ಮುದ್ದೆ ಬೇಯುತ್ತಾ?" ಎನ್ನುವುದು ಅವರು ನನಗೆ ದಿನಾ ಮಾಡುತ್ತಿದ್ದ ಮಂಗಳಾರತಿ. ನಾನು ಕೊಟ್ಟ ಸ್ವೆಟರನ್ನು ಅವರು ಒಂದು ದಿನವೂ ತೊಡಲಿಲ್ಲ. ಆ ಚಳಿಗಾಲದಲ್ಲಿ ಹುಟ್ಟಿದ ಕರುವಿಗೆ ತೊಡಿಸಿದರು.

ಕರು ಆದರೂ ತಕರಾರಿಲ್ಲದೆ ಹಾಕಿಕೊಂಡಿತು.

ಬೆರಳಿನ ವಿಷಯಕ್ಕೆ ಬರುತ್ತೇನೆ. ಒಂದು ಬೆರಳು ಹೋಗಿ ಮೂರಾಯಿತು, ಮೂರು ಹೋಗಿ ಎರಡೂ ಕೈಯಾಯಿತು. ತಣ್ಣೀರು ಮುಟ್ಟಿದರೆ ಬಿಳುಪು, ಮೋಡ ಮುಚ್ಚಿದರೆ ಬಿಳುಪು. ಬರಬರುತ್ತಾ ಬೆರಳ ಚರ್ಮ ಬಿಗಿಯಾಗಿ ಹೊಳೆಯತೊಡಗಿತು. ಕಡ್ಡಿಯ ಮೇಲೆ ಕುಣಿಕೆ ಎತ್ತಿದರೆ ಕೈ ಜಾರುತ್ತಿತ್ತು. ಕೋಲಾರದಲ್ಲಿ ಒಬ್ಬ ಡಾಕ್ಟರು ನನ್ನ ಕೈಯನ್ನು ಮುಟ್ಟದೆ, ಮೇಜಿನ ಆಚೆಯಿಂದಲೇ ನೋಡಿ, "ವೀಕ್‌ನೆಸ್ಸು" ಎಂದು ಬಿ-ಕಾಂಪ್ಲೆಕ್ಸ್ ಬರೆದರು. ಇನ್ನೊಬ್ಬರು ನಾನು ಸ್ವೆಟರ್ ಹೆಣೆಯುತ್ತೇನೆ ಎಂದು ತಿಳಿದ ಕೂಡಲೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ರೋಗ ಸಿಕ್ಕಿಬಿಟ್ಟಿತು ಎಂಬ ನೆಮ್ಮದಿ ಅವರ ಮುಖದಲ್ಲಿ.

"ಅದೇ ಕಾರಣಮ್ಮ. ನಿಟ್ಟಿಂಗ್ ನಿಲ್ಲಿಸಿ, ಎಲ್ಲಾ ಸರಿಹೋಗುತ್ತೆ."

ನಿಲ್ಲಿಸಿದೆ. ಏನೂ ಸರಿಹೋಗಲಿಲ್ಲ. ನಾನು ಕಡ್ಡಿ ಕೆಳಗಿಟ್ಟಿದ್ದನ್ನು ನೋಡಿ ಖುಷಿಪಟ್ಟವರು ಮಾತ್ರ ಬಹಳ ಜನ. "ನಾವು ಅವತ್ತೇ ಹೇಳಿದ್ವಿ" ಎಂಬ ಒಂದು ಮಾತಿಗಾಗಿ ಜನ ವರ್ಷಗಟ್ಟಲೆ ಕಾದಿರುತ್ತಾರೆ ಎಂಬುದು ನನಗೆ ಆಗ ಗೊತ್ತಾಯಿತು. ಬೇರೆಯವರ ಕಾಯಿಲೆ ಕೆಲವರಿಗೆ ಹಬ್ಬದೂಟ. ಮೆಂತ್ಯ ನೆನೆಸಿ ತಿನ್ನು ಎಂದರು. ಬೇವಿನೆಣ್ಣೆ ಹಚ್ಚು ಎಂದರು. ನಾಲ್ಕಕ್ಷರವೂ ನೆಟ್ಟಗೆ ಓದದ ನನ್ನ ದೊಡ್ಡಪ್ಪನ ಮಗನೊಬ್ಬ ಫೋನಿನಲ್ಲಿ ವಿಡಿಯೋ ನೋಡಿ, ರಕ್ತ ದಪ್ಪಗಾಗಿದೆ, ಬೆಳ್ಳುಳ್ಳಿ ನುಂಗು ಎಂದ. ನುಂಗಿದೆ. ಬಾಯಿ ನಾರಿತು, ಬೆರಳು ಬೆಳ್ಳಗೇ ಇತ್ತು.

ಆಮೇಲೆ ಬಲಗೈಯ ತೋರುಬೆರಳಿನ ತುದಿಯಲ್ಲಿ ಗಾಯವಾಯಿತು.

ಸಾಸಿವೆಯಷ್ಟು ಇದ್ದದ್ದು ಹುಣಸೆ ಬೀಜದಷ್ಟಾಯಿತು. ನಡುವೆ ಕಪ್ಪು. ಅನ್ನ ಕಲಸಲಾರೆ, ಜಡೆ ಹೆಣೆದುಕೊಳ್ಳಲಾರೆ, ರವಿಕೆಯ ಹುಕ್ಕು ಹಾಕಿಕೊಳ್ಳಲಾರೆ. ನಮ್ಮ ಮನೆಯವರು ಟೊಮೆಟೊ ಸಾಗಿಸುವ ಟೆಂಪೊ ಓಡಿಸುತ್ತಾರೆ, ಮಾತು ಕಡಿಮೆ. ಗಾಯ ನೋಡಿದ ದಿನ ಮಂಡಿಯ ಲೋಡನ್ನು ಬೇರೆಯವರಿಗೆ ಬಿಟ್ಟು ನನ್ನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ನನ್ನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಅಷ್ಟು ತಿಂಗಳಲ್ಲಿ ನನ್ನ ಕೈ ಮುಟ್ಟಿದ ಮೊದಲ ಡಾಕ್ಟರು ಅವರೇ. ಉಗುರಿನ ಬುಡವನ್ನು ಲೆನ್ಸ್ ಇಟ್ಟು ನೋಡಿದರು. ಬಾಯಿ ಅಗಲಿಸಿ ಎಂದರು. ಅಗಲಿಸಿದೆ. ಅದು ಮೊದಲಿನಷ್ಟು ಅಗಲವಾಗುತ್ತಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ.

ಬ್ಲಡ್ ಟೆಸ್ಟ್, ಎಕೋ, ಶ್ವಾಸಕೋಶದ ಸ್ಕ್ಯಾನ್. ರಿಪೋರ್ಟುಗಳು ಬಂದ ಮೇಲೆ ಹೇಳಿದರು.

"ಸ್ಕ್ಲೀರೋಡರ್ಮಾ ಅಂತಾರೆ. ಚರ್ಮ ಗಟ್ಟಿಯಾಗೋ ಕಾಯಿಲೆ. ಬೆರಳಿನ ರಕ್ತನಾಳಗಳೂ ಕಿರಿದಾಗಿವೆ."

"ಹೋಗುತ್ತಾ ಮೇಡಂ?"

"ಹೋಗಲ್ಲ. ಹದ್ದುಬಸ್ತಿನಲ್ಲಿ ಇಡಬಹುದು."

"ಸ್ವೆಟರ್ ಹಾಕಿದ್ದಕ್ಕೆ ಬಂತಾ?"

ಅವರು ನಕ್ಕರು. "ಯಾರು ಹೇಳಿದ್ದು? ಗಾಯ ಒಣಗೋವರೆಗೂ ಆ ಬೆರಳಿಗೆ ಕೆಲಸ ಕೊಡಬೇಡಿ. ಆಮೇಲೆ ಹಾಕಿ. ಬೆರಳು ಆಡ್ತಾ ಇರಬೇಕು, ಇಲ್ಲಾಂದ್ರೆ ಮಡಚಿಕೊಂಡು ಹಾಗೇ ನಿಂತುಬಿಡುತ್ತೆ. ಮುಖ್ಯ ಏನು ಅಂದ್ರೆ, ಕೈ ಬೆಚ್ಚಗಿರಬೇಕು. ಮಣಿಕಟ್ಟಿಂದಲೇ ಬೆಚ್ಚಗಿಡಿ."

ರೋಗಕ್ಕೆ ಹೆಸರು ಸಿಕ್ಕಿದರೆ ಅರ್ಧ ವಾಸಿ ಎನ್ನುವವರಿದ್ದಾರೆ. ಅಂಥವರಿಗೆ ರೋಗ ಬಂದಿರುವುದಿಲ್ಲ. ಟೆಂಪೊದಲ್ಲಿ ವಾಪಸು ಬರುವಾಗ ನಮ್ಮ ಮನೆಯವರು ನರಸಾಪುರದ ಹತ್ತಿರ ಟೀ ಕೊಡಿಸಿದರು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ನನ್ನ ಮೈಯ ಮೇಲೆ ನನಗೆ ಹೇಸಿಗೆಯಾಗುತ್ತಿತ್ತು. ಒಳಗೆ ಕೂತು, ನನ್ನ ಅನ್ನ ತಿಂದು, ನನ್ನ ವಿರುದ್ಧವೇ ಕೆಲಸ ಮಾಡುವ ಮೈ. ಇದಕ್ಕಿಂತ ನೆಂಟರು ವಾಸಿ. ಊಟ ಮುಗಿಸಿ ಹೋಗುತ್ತಾರೆ.

ಊರಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಬಂದಿತ್ತು. ಸ್ಕ್ಲೀರೋಡರ್ಮಾ ಎಂದು ಹೇಳಲು ಯಾರಿಗೂ ನಾಲಿಗೆ ತಿರುಗಲಿಲ್ಲ. ಅದಕ್ಕೇ ಸುಲಭದ ಹೆಸರು ಇಟ್ಟರು.

ದೊಡ್ಡ ರೋಗ.

ನಮ್ಮ ಕಡೆ ಕುಷ್ಠಕ್ಕೆ ಹಾಗೆನ್ನುತ್ತಾರೆ. ಕುಷ್ಠವೇ ಆಗಿದ್ದರೂ ನಾಚಿಕೊಳ್ಳುವಂಥದ್ದೇನಿತ್ತು? ಅದಕ್ಕೆ ಮಾತ್ರೆ ಇದೆ, ವಾಸಿಯಾಗುತ್ತದೆ. ನನ್ನದೇ ಅದಕ್ಕಿಂತ ಹಟಮಾರಿ. ಇದನ್ನೆಲ್ಲ ಯಾರಿಗೆ ಹೇಳಲಿ? ಡೈರಿಯ ಅಧ್ಯಕ್ಷೆ ಮನೆಗೆ ಬಂದು, ಹೊಸಿಲಿನಾಚೆಯೇ ನಿಂತು, "ಸ್ವಲ್ಪ ದಿನ ರೆಸ್ಟ್ ತಗೊಳ್ಳಮ್ಮ. ನಂದೇನಿಲ್ಲ, ಜನ ಮಾತಾಡ್ಕೋತಾರೆ" ಎಂದರು. ಜನ ಎಂದರೆ ಯಾರು? ಕೊಳವೆ ನೀರನ್ನು ಹಾಲಿಗೆ ಬೆರೆಸಿ ತಂದು, ಲ್ಯಾಕ್ಟೋಮೀಟರ್ ಮುಳುಗುವಾಗ ಆಕಾಶ ನೋಡುವವರು. ನೀರಿಗೆ ಅಂಜದವರು ನನ್ನ ಬೆರಳಿಗೆ ಅಂಜಿದರು.

ಆ ವಾರವೇ ನಾದಿನಿ ಸುಜಾತ ಮಾಲೂರಿನಿಂದ ಬಂದಳು. ಅತ್ತೆಗೆ ಒಬ್ಬಳೇ ಮಗಳು. ಹಿಂದಿನ ವರ್ಷ ಹಟ ಹಿಡಿದು ನನ್ನಿಂದ ಒಂದು ಫುಲ್ ತೋಳಿನ ಸ್ವೆಟರ್ ಹಾಕಿಸಿಕೊಂಡಿದ್ದಳು. ಕಡು ಹಸಿರು, ಎದೆಗೆ ಜಡೆಯ ಡಿಸೈನು. ಅಷ್ಟು ಚೆಂದದ್ದನ್ನು ನಾನು ಮತ್ತೆ ಹಾಕಿಲ್ಲ. ಬಂದವಳು ನಾನು ತಂದ ಕಾಫಿಯನ್ನು ಮುಟ್ಟಲಿಲ್ಲ. "ಈಗ ತಾನೇ ಕುಡ್ದೆ ಅತ್ತಿಗೆ" ಎಂದಳು. ಮಾಲೂರಿನಿಂದ ಬರುವ ಬಸ್ಸಿನಲ್ಲಿ ಕಾಫಿ ಕೊಡುತ್ತಾರೆಂದು ನನಗೆ ತಿಳಿದಿರಲಿಲ್ಲ. ಹೊರಡುವಾಗ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ತಾಯಿಯ ಪಕ್ಕದಲ್ಲಿಟ್ಟಳು.

"ಅಮ್ಮ, ಇದು ಇಲ್ಲೇ ಇರ್ಲಿ. ನಮ್ಮನೇಲಿ ಮಗು ಇದೆ ನೋಡು."

"ಏನದು?" ಎಂದರು ಅತ್ತೆ.

"ಅದೇ, ಸ್ವೆಟರು."

"ಇದು ಅಂಟೋ ಕಾಯಿಲೆ ಅಲ್ಲ ಸುಜಾತ. ಡಾಕ್ಟ್ರು ಹೇಳಿದಾರೆ" ಎಂದೆ.

"ಅಯ್ಯೋ, ನಂಗೊತ್ತು ಅತ್ತಿಗೆ. ನಮ್ಮತ್ತೇನೇ ಒಂಥರಾ ಆಡ್ತಾರೆ."

ಎಲ್ಲರಿಗೂ ಗೊತ್ತು. ಎಲ್ಲರ ಮನೆಯಲ್ಲೂ ಬೇರೆ ಯಾರೋ ಒಬ್ಬರು ಒಂಥರಾ ಆಡುತ್ತಾರೆ. ಅತ್ತೆ ಕವರನ್ನು ನೋಡಿದರು, ಮಗಳನ್ನು ನೋಡಿದರು, ಕವರನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಮಗಳ ಪರ ಇರದೆ ಇನ್ನೇನು, ಕರುವಿಗೆ ಸ್ವೆಟರ್ ತೊಡಿಸಿದ ಹೆಂಗಸು ತಾನೆ ಎಂದುಕೊಂಡು ಒಳಗೆ ಹೋಗಿ ಮಲಗಿದೆ. ಅವತ್ತು ಅತ್ತೆ, ನಾದಿನಿ, ಊರು, ಉಲ್ಲನ್, ಯಾವುದೂ ನನಗೆ ಬೇಡವಾಗಿತ್ತು. ಇಷ್ಟು ವರ್ಷ ಇವರ ಎದೆ, ಬೆನ್ನು, ತೋಳಿನ ಅಳತೆ ತೆಗೆದುಕೊಂಡು ಕೂತಿದ್ದೆನಲ್ಲ ಎಂದು ನನ್ನ ಮೇಲೆಯೇ ಉಗಿಯಬೇಕೆನ್ನಿಸಿತು.

ಮರುದಿನ ಮಧ್ಯಾಹ್ನ ಮಾತ್ರೆಯ ಮಂಪರಿನಿಂದ ಎದ್ದು ಜಗುಲಿಗೆ ಬಂದೆ.

ಅತ್ತೆ ಸ್ವೆಟರನ್ನು ಕತ್ತರಿಸುತ್ತಿದ್ದರು.

ಮಡಿಲಲ್ಲಿ ಹಸಿರು ಸ್ವೆಟರ್. ಕೈಯಲ್ಲಿ ಬಟ್ಟೆ ಕತ್ತರಿ. ಒಂದು ತೋಳು ಆಗಲೇ ಮೊಣಕೈಯ ಹತ್ತಿರ ಬೇರೆಯಾಗಿತ್ತು, ಇನ್ನೊಂದಕ್ಕೆ ಕತ್ತರಿ ಬಿದ್ದಿತ್ತು. ನೆಲದ ತುಂಬ ಉಲ್ಲನ್ನಿನ ಚೂರು.

"ಅತ್ತೆ! ಏನ್ ಮಾಡ್ತಿದೀರಾ?"

"ಕಾಣ್ಸಲ್ವಾ? ಕತ್ತರಿಸ್ತಿದೀನಿ."

"ಅದು ಎಷ್ಟು ಕಷ್ಟಪಟ್ಟು ಹಾಕಿದ್ದು ಗೊತ್ತಾ ನಿಮಗೆ?"

"ನನ್ ಮಗಳಿಗೇ ಬೇಡ ಅಂದ್ಮೇಲೆ ಮಡಿಚಿಟ್ಟು ಪೂಜೆ ಮಾಡ್ಲಾ? ತಾ ಇಲ್ಲಿ ಕೈ."

ಬೇಡವೆನ್ನುವ ಮೊದಲೇ ನನ್ನ ಎಡಗೈಗೆ ಆ ತೋಳನ್ನು ಏರಿಸಿದರು. ಸ್ವೆಟರಿನ ಮುಂಗೈ ಪಟ್ಟಿ ನನ್ನ ಬೆರಳ ಬುಡಕ್ಕೆ ಬಂದು ಬಿಗಿಯಾಗಿ ಕೂತಿತು. ಬೆರಳುಗಳು ಹೊರಗೆ. ಉಳಿದದ್ದು ಮಣಿಕಟ್ಟು ದಾಟಿ ಮೊಣಕೈವರೆಗೆ.

"ಅಂಗಡಿ ಗ್ಲೌಸು ಹಾಕ್ಕೊಂಡ್ರೆ ಗಾಯ ಒತ್ತುತ್ತೆ ಅಂತಿದ್ಯಲ್ಲ. ಇದ್ರಲ್ಲಿ ಬೆರಳು ಬಿಟ್ಟಿದೆ. ಹಾಲೂ ಅಳೀಬೋದು, ಪೆನ್ನೂ ಹಿಡೀಬೋದು."

ಬೆಚ್ಚಗಿತ್ತು. ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಬೆಚ್ಚಗಿತ್ತು. ಅಷ್ಟರಲ್ಲಿ ಮೊಣಕೈಯ ಕಡೆಯ ಅಂಚು ಬಿಚ್ಚಿಕೊಳ್ಳತೊಡಗಿತು. ಹೆಣೆದದ್ದಕ್ಕೆ ಕತ್ತರಿ ಹಾಕಬಾರದು. ಒಂದು ಕುಣಿಕೆ ಜಾರಿದರೆ ಅದರ ಕೆಳಗಿನದು, ಅದರ ಕೆಳಗಿನದು, ಏಣಿಯಿಂದ ಬಿದ್ದಂತೆ ಬೀಳುತ್ತಾ ಹೋಗುತ್ತವೆ. ನಾನು ಕಿರುಚಿದೆ.

"ಎಳೀಬೇಡಿ! ಪೂರ್ತಿ ಬಿಚ್ಕೊಳ್ಳುತ್ತೆ!"

"ಬಿಚ್ಕೊಂಡ್ರೆ ಕಟ್ಟು. ಅದೇ ತಾನೆ ನಿನ್ ವಿದ್ಯೆ" ಎಂದು ಅತ್ತೆ ಕತ್ತರಿ ಕೆಳಗಿಟ್ಟರು.

ತೋಳನ್ನು ಮೆಲ್ಲಗೆ ಕಳಚಿ ಅವರ ಕೈಗೆ ಕೊಟ್ಟು ಒಳಗಿನಿಂದ ಕಡ್ಡಿ ತಂದೆ. ತಿಂಗಳುಗಳ ನಂತರ ಮೊದಲ ಸಲ. ತೋರುಬೆರಳಿಗೆ ಬ್ಯಾಂಡೇಜು, ಅದನ್ನು ಮೇಲಕ್ಕೆತ್ತಿಕೊಂಡೇ ಹೆಬ್ಬೆರಳು ಮತ್ತು ನಡುಬೆರಳಿನಿಂದ ಕಡ್ಡಿ ಹಿಡಿದೆ. ಅತ್ತೆ ತೋಳಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ನಾನು ಜಾರಿದ ಕುಣಿಕೆಗಳನ್ನು ಒಂದೊಂದಾಗಿ ಎತ್ತಿದೆ. ಒಂದು ಎತ್ತಿದರೆ ಎರಡು ಜಾರುತ್ತಿದ್ದವು. ಅತ್ತೆ ಉಸಿರು ಬಿಗಿಹಿಡಿದು ನೋಡುತ್ತಾ, ಪ್ರತಿ ಸಲ ಜಾರಿದಾಗಲೂ "ಛೀ, ಪಾಡು ದಾರಂ" ಎಂದು ಉಲ್ಲನ್ನಿಗೆ ತೆಲುಗಿನಲ್ಲಿ ಶಾಪ ಹಾಕುತ್ತಿದ್ದರು. ಕೊನೆಗೆ ಎಲ್ಲವನ್ನೂ ಕಡ್ಡಿಗೇರಿಸಿ ಅಂಚು ಮುಚ್ಚಿದೆ. ಹೆಬ್ಬೆರಳು ಹೊರಬರಲು ಪಕ್ಕದ ಹೊಲಿಗೆಯನ್ನು ಸ್ವಲ್ಪ ಬಿಡಿಸಿದೆ. ಕೆಲಸ ಪರಮ ದರಿದ್ರವಾಗಿತ್ತು. ಕ್ರಾಫ್ಟ್ ಮೇಡಂ ನೋಡಿದ್ದರೆ ಬಿಸಾಕುತ್ತಿದ್ದರು.

ಎರಡನೆಯ ತೋಳಿನ ಅಂಚು ಮುಚ್ಚುವಾಗ ಅತ್ತೆ, ಬೇರೇನೋ ಹೇಳುವವರಂತೆ, "ಬೆಳಿಗ್ಗೆ ಸುಜಾತಂಗೆ ಫೋನ್ ಮಾಡ್ದೆ" ಎಂದರು.

"ಏನಂದ್ರಿ?"

"ಹಾಲು ಕುಡ್ದಿದ್ದು ನನ್ ಹತ್ರ, ಬುದ್ಧಿ ಯಾರ ಹತ್ರ ಕಲ್ತೆ ಅಂದೆ. ಇಟ್ಬಿಟ್ಟೆ."

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅಳು ಬರುತ್ತಿತ್ತು, ಆ ಮುದುಕಿಯ ಮುಂದೆ ಅಳಲು ನಾನು ಸಿದ್ಧವಿರಲಿಲ್ಲ.

ಮುಂದಿನ ವಾರ ಡೈರಿಗೆ ಹೋದೆ. ಯಾರೂ ಕರೆದಿರಲಿಲ್ಲ. ನನ್ನ ಜೊತೆ ಅತ್ತೆ ಬಂದು ಕ್ಯಾನುಗಳ ಪಕ್ಕದಲ್ಲಿ ಕಾಲು ಚಾಚಿ ಕೂತರು. ನನ್ನ ಕೈಯಿಂದಲೇ ಒಂದು ಲೋಟ ಹಸಿ ಹಾಲು ತೆಗೆಸಿಕೊಂಡು, ಎಲ್ಲರೂ ನೋಡುವಂತೆ, ಸದ್ದು ಮಾಡಿಕೊಂಡು ಕುಡಿದರು. ಆಮೇಲೆ ಬಾಯಿ ಒರೆಸಿಕೊಂಡು, "ಯಾರೇ ಇದು ಇಷ್ಟು ನೀರು ಹಾಕಿರೋಳು?" ಎಂದರು. ಮುಂದೆ ಯಾರೂ ನನ್ನ ಬೆರಳಿನ ಮಾತೆತ್ತಲಿಲ್ಲ. ಹಾಗೆಂದು ಅವರ ಮನಸ್ಸು ತೊಳೆದುಹೋಯಿತು ಎಂದು ನಾನು ನಂಬಿಲ್ಲ. ಬಾಯಿ ಮುಚ್ಚಿತು, ನನಗೆ ಅಷ್ಟು ಸಾಕು.

ಗಾಯ ಒಣಗಲು ಬಹಳ ಕಾಲ ಹಿಡಿಯಿತು. ಬೆರಳನ್ನು ತೆಗೆಯಬೇಕಾಗಬಹುದು ಎಂದಿದ್ದರು, ಬೇಕಾಗಲಿಲ್ಲ. ತುದಿ ಒಂಚೂರು ಸವೆದು ಮೊಂಡಾಗಿದೆ, ಉಗುರು ಬಾಗಿದೆ. ಶ್ವಾಸಕೋಶ ಸದ್ಯಕ್ಕೆ ಚೆನ್ನಾಗಿದೆ ಎಂದು ಲೇಡಿ ಡಾಕ್ಟರು ಹೇಳಿದ್ದಾರೆ. ಸದ್ಯಕ್ಕೆ ಎಂಬ ಪದ ಮೊದಲು ನನ್ನನ್ನು ಹೆದರಿಸುತ್ತಿತ್ತು. ಈಗ ಅದರ ಮೇಲೆಯೇ ಬದುಕುತ್ತಿದ್ದೇನೆ. ದಪ್ಪ ಕಡ್ಡಿ, ದಪ್ಪ ಉಲ್ಲನ್ನು ಹಿಡಿದು ಬೆರಳಿಲ್ಲದ ಗವಸುಗಳನ್ನೇ ಹಾಕುತ್ತಿದ್ದೇನೆ. ಬೇಗ ಮುಗಿಯುತ್ತವೆ, ಯಾರ ಎದೆಯ ಅಳತೆಯೂ ಬೇಕಿಲ್ಲ. ಒಂದು ಜೊತೆ ಆ ಡಾಕ್ಟರಿಗೂ ಕೊಟ್ಟೆ. ಬೆಂಗಳೂರಿನ ಏಸಿ ಕೋಣೆಯಲ್ಲಿ ಅವರ ಕೈಯೂ ತಣ್ಣಗಿತ್ತು.

ಈ ಚಳಿಗಾಲ ಸುಜಾತ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿ ಕೊನೆಗೆ, "ಅತ್ತಿಗೆ, ಇಲ್ಲಿ ಚಳಿ ಜಾಸ್ತಿ. ಆ ಹಸಿರು ಸ್ವೆಟರ್ ಇನ್ನೂ ಇದ್ಯಾ?" ಎಂದಳು.

"ಇದೆ. ತೋಳಿಲ್ಲ. ಕಳಿಸ್ಲಾ?" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಅರ್ಥವಾಯಿತು. ಸೆರಗು ಬಾಯಿಗೊತ್ತಿ ನಕ್ಕರು. ಆ ಹೆಂಗಸು ನಕ್ಕದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ, ಅಷ್ಟೇನೂ ಚೆಂದವಿರಲಿಲ್ಲ.

ಈಗ ಬೆಳಿಗ್ಗೆ ನಾನು ಡೈರಿಗೆ ಹೊರಡುವ ಹೊತ್ತಿಗೆ ಅತ್ತೆ ಗವಸುಗಳನ್ನು ಒಲೆಯ ಮೇಲಿನ ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಬೆಚ್ಚಗೆ ಮಾಡಿ ಇಟ್ಟಿರುತ್ತಾರೆ. ಹುರುಳಿ ಸಾರಿನ ವಾಸನೆ ಹೊಡೆಯುತ್ತದೆ, ಡೈರಿಯಲ್ಲಿ ಎಲ್ಲರೂ ಮೂಗು ಅರಳಿಸುತ್ತಾರೆ, ಹಾಗೆ ಮಾಡಬೇಡಿ ಎಂದು ಎಷ್ಟು ಸಲ ಹೇಳಿದ್ದೇನೋ. ಕೇಳುವ ಜಾತಿಯಲ್ಲ.

ಬಾಗಿಲಲ್ಲಿ ನಿಂತು ಎರಡೂ ಕೈ ಚಾಚುತ್ತೇನೆ. ಬೈದುಕೊಂಡೇ ತೊಡಿಸುತ್ತಾರೆ.